34 ಸೆಂಟಿಮೀಟರ್ ತಲೆ 45 ಆಗುವಾಗ ಒಳಗೆ ಏನು ತುಂಬುತ್ತದೆ?

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿ ನಿವೃತ್ತಳಾದವಳು. ಈಗ ಬೆಂಗಳೂರಿನ ವಿಜಯನಗರದಲ್ಲಿ ಮಗಳ ಮನೆಯಲ್ಲಿದ್ದೇನೆ. ಮೊಮ್ಮಗಳಿಗೆ ಮೊನ್ನೆ ವರ್ಷ ತುಂಬಿತು. ಹುಟ್ಟಿದಾಗ ಅವಳ ತಲೆಯ ಸುತ್ತಳತೆ 34 ಸೆಂಟಿಮೀಟರ್ ಇತ್ತು, ಈಗ 45. ಲಸಿಕೆ ಕಾರ್ಡಿನಲ್ಲಿ ಬರೆದುಕೊಟ್ಟಿದ್ದಾರೆ. ಹುಟ್ಟಿದ ಮೇಲೆ ನರಕೋಶಗಳು ಹೆಚ್ಚುವುದಿಲ್ಲ ಅಂತ ನಾವು ಓದಿದ್ದೆವು. ಹಾಗಾದರೆ ಒಳಗೆ ತುಂಬುತ್ತಿರುವುದು ಏನು? ಮಗಳು ‘ಗ್ಲಿಯಾ ಅಂತ ಇರುತ್ತಮ್ಮ, ಅದು ಬರೀ ಗೋಂದು’ ಅನ್ನುತ್ತಾಳೆ. ಗೋಂದು ಇಷ್ಟೊಂದು ಬೆಳೆಯುತ್ತದಾ? ಅದು ಚೆನ್ನಾಗಿ ಬೆಳೆಯಲು ಬಜೆ, ಬಾದಾಮಿ ಏನಾದರೂ ಕೊಡಬೇಕಾ?

ಉತ್ತರ: ನಿಮ್ಮ ಎರಡು ಅಂಕಿಗಳನ್ನೇ ಹಿಡಿದು ಶುರು ಮಾಡುತ್ತೇನೆ. ಸುತ್ತಳತೆ 34ರಿಂದ 45ಕ್ಕೆ ಹೋಯಿತು. ಟೇಪಿನಲ್ಲಿ ನೋಡಿದರೆ ಮೂರನೇ ಒಂದು ಪಾಲು ಜಾಸ್ತಿ ಆಯಿತು, ಅಷ್ಟೇ. ಆದರೆ ತಲೆಯನ್ನು ಚೆಂಡು ಅಂದುಕೊಂಡು ಗಾತ್ರ ಲೆಕ್ಕ ಹಾಕಿ. 45ನ್ನು 34ರಿಂದ ಭಾಗಿಸಿ, ಬಂದದ್ದರ ಘನ ತೆಗೆದರೆ ಸುಮಾರು 2.3 ಬರುತ್ತದೆ. ತಲೆ ಸರಿಯಾದ ಚೆಂಡಲ್ಲ, ಬುರುಡೆಯ ದಪ್ಪವೂ ಇದರಲ್ಲಿ ಸೇರಿದೆ. ಆದರೂ ಈ ಲೆಕ್ಕ ನಿಜಕ್ಕೆ ಹತ್ತಿರವೇ ಇದೆ. ಹುಟ್ಟಿದ ಮಗುವಿನ ಮೆದುಳು 350ರಿಂದ 400 ಗ್ರಾಂ ತೂಗುತ್ತದೆ. ವರ್ಷ ತುಂಬುವ ಹೊತ್ತಿಗೆ ಅದರ ಎರಡು ಪಟ್ಟು ದಾಟಿರುತ್ತದೆ. ದೊಡ್ಡವರ ಮೆದುಳು 1,300ರಿಂದ 1,400 ಗ್ರಾಂ. ಅಂದರೆ ನಿಮ್ಮ ಮೊಮ್ಮಗಳು ತೊಟ್ಟಿಲಿನಿಂದ ಇಳಿದು ಗೋಡೆ ಹಿಡಿದು ನಿಲ್ಲುವಷ್ಟರಲ್ಲಿ ಅರ್ಧಕ್ಕಿಂತ ಜಾಸ್ತಿ ದಾರಿ ಮುಗಿಸಿದ್ದಾಳೆ. ಹುಟ್ಟಿದ ಮೇಲೆ ಮೆದುಳು ಮತ್ತೆಂದೂ ಈ ವೇಗದಲ್ಲಿ ಬೆಳೆಯುವುದಿಲ್ಲ. ನೆತ್ತಿ ಬೇಗ ಕೂಡದೆ ಮೆತ್ತಗೆ ಉಳಿಯುವುದೂ ಈ ಬೆಳವಣಿಗೆಗೆ ಜಾಗ ಬೇಕು ಅಂತಲೇ.

ನೀವು ಓದಿದ ಪಾಠ ಬಹುಮಟ್ಟಿಗೆ ಸರಿ. ಮೆದುಳಿನ ಹೊರಪದರ, ಅಂದರೆ ಯೋಚನೆ, ಮಾತು, ನೋಟಗಳನ್ನು ನಡೆಸುವ ಭಾಗ, ತನ್ನ ನರಕೋಶಗಳನ್ನು ಹೆಚ್ಚುಕಡಿಮೆ ಗರ್ಭದಲ್ಲಿಯೇ ಪಡೆದುಬಿಡುತ್ತದೆ. ಒಂದು ತಿದ್ದುಪಡಿ ಮಾತ್ರ ಬೇಕು. ತಲೆಯ ಹಿಂಭಾಗದಲ್ಲಿರುವ ಕಿರುಮೆದುಳಿನಲ್ಲಿ ಪುಟ್ಟ ಪುಟ್ಟ ನರಕೋಶಗಳು ಹುಟ್ಟಿದ ಮೇಲೂ ಕೆಲವು ತಿಂಗಳು ತಯಾರಾಗುತ್ತಲೇ ಇರುತ್ತವೆ. ಇದು ಸಣ್ಣ ಸಂಗತಿಯಲ್ಲ. ನಮ್ಮ ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿ ಇರುವುದು ಆ ಕಿರುಮೆದುಳಿನಲ್ಲೇ. ಆದರೆ ಅವು ತೀರಾ ಚಿಕ್ಕವು. ನಿಮ್ಮ ಟೇಪಿನಲ್ಲಿ ಕಂಡ ಬೆಳವಣಿಗೆಗೆ ಅವು ಮುಖ್ಯ ಕಾರಣವಲ್ಲ.

ಹಾಗಾದರೆ ಏನು ತುಂಬಿತು? ಮೊದಲೇ ಇದ್ದ ನರಕೋಶಗಳು ಕೊಂಬೆ ರೆಂಬೆ ಚಾಚಿ ದೊಡ್ಡದಾದವು. ಒಂದಕ್ಕೊಂದು ಕೈ ಕೂಡಿಸಿದವು. ರಕ್ತನಾಳಗಳು ಹೆಚ್ಚಿದವು. ಇವುಗಳ ಜೊತೆಗೆ, ನಿಮ್ಮ ಮಗಳು ಹೇಳಿದ ಗ್ಲಿಯಾ ಕೋಶಗಳು ಬಂದು ತುಂಬಿದವು. ಮಗಳು ಹೆಸರು ಸರಿಯಾಗಿಯೇ ಹೇಳಿದ್ದಾರೆ. ‘ಬರೀ ಗೋಂದು’ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಆ ಮಾತು ಅವರದ್ದಲ್ಲ, ಬಹಳ ಹಳೆಯದು. 1856ರಲ್ಲಿ ಜರ್ಮನಿಯ ವೈದ್ಯ ರುಡಾಲ್ಫ್ ಫಿರ್ಖೋ ನರಕೋಶಗಳ ನಡುವಿನ ವಸ್ತುವಿಗೆ ಈ ಹೆಸರು ಇಟ್ಟರು. ಗ್ರೀಕ್ ಭಾಷೆಯಲ್ಲಿ ಗ್ಲಿಯಾ ಅಂದರೆ ಅಂಟು. ಹೆಸರು ಅಂಟು ಅಂತ ಆದ ಮೇಲೆ ಅದರ ಕಡೆಗೆ ಹೆಚ್ಚಿನವರು ತಿರುಗಿ ನೋಡಲಿಲ್ಲ. ಒಂದೊಂದು ನರಕೋಶಕ್ಕೆ ಹತ್ತು ಗ್ಲಿಯಾ ಕೋಶ ಇವೆ ಅಂತ ಪುಸ್ತಕಗಳು ಬರೆದುಕೊಂಡೇ ಬಂದವು. ಆ ಅಂಕಿಗೆ ಗಟ್ಟಿಯಾದ ಎಣಿಕೆಯ ಆಧಾರ ಇರಲಿಲ್ಲ. 2009ರಲ್ಲಿ ಬ್ರೆಜಿಲಿನ ವಿಜ್ಞಾನಿಗಳು ಎಣಿಸಿದಾಗ ಎರಡೂ ಕಡೆ ಹೆಚ್ಚುಕಡಿಮೆ ಸಮಸಮ ಬಂತು. ನೀವು ಗಣಿತದವರು, ಲೆಕ್ಕ ಮಾಡದೆ ಅಂಕಿ ಬರೆಯುವುದು ಎಷ್ಟು ದೊಡ್ಡ ತಪ್ಪು ಅಂತ ನಿಮಗೆ ಹೇಳಬೇಕಾಗಿಲ್ಲ.

ಇನ್ನು ಈ ಕೋಶಗಳು ಎಲ್ಲಿಂದ ಬರುತ್ತವೆ ಅನ್ನುವುದಕ್ಕೆ ಬರೋಣ.

ಮನೆ ಕಟ್ಟುವಾಗ ಮೊದಲು ಸಾರುವೆ ಕಟ್ಟುತ್ತಾರೆ ಅಲ್ವಾ? ಗೋಡೆ ಎದ್ದ ಮೇಲೆ ಬಿಚ್ಚಿ ಇನ್ನೊಂದು ಸೈಟಿಗೆ ಹೊತ್ತುಕೊಂಡು ಹೋಗುತ್ತಾರೆ. ಗರ್ಭದಲ್ಲಿ ಮೆದುಳು ಕಟ್ಟುವಾಗಲೂ ಒಂದು ಸಾರುವೆ ಇರುತ್ತದೆ. ಒಳಗಿನ ಅಂಚಿನಿಂದ ಹೊರಗಿನ ಅಂಚಿನವರೆಗೆ ಕಂಬದ ಹಾಗೆ ಉದ್ದಕ್ಕೆ ನಿಂತ ಕೋಶಗಳು. ಇವಕ್ಕೆ ರೇಡಿಯಲ್ ಗ್ಲಿಯಾ ಅನ್ನುತ್ತಾರೆ. ನರಕೋಶಗಳನ್ನು ಹೆರುವುದೂ ಇವೇ. ಹುಟ್ಟಿದ ನರಕೋಶ ತನ್ನ ಜಾಗ ಸೇರುವುದೂ ಇವನ್ನು ಹಿಡಿದೇ. ಅವರೆ ಬಳ್ಳಿ ಕಡ್ಡಿ ಹಿಡಿದು ಹತ್ತುವುದನ್ನು ನೆನಪು ಮಾಡಿಕೊಳ್ಳಿ. ಈ ಸಾರುವೆಯ ವಿಶೇಷ ಏನೆಂದರೆ, ಮನೆ ಎದ್ದ ಮೇಲೆ ಇದನ್ನು ಬಿಚ್ಚಿ ಎಸೆಯುವುದಿಲ್ಲ. ಅದೇ ಕೋಶಗಳಲ್ಲಿ ಹಲವು ರೂಪ ಬದಲಿಸಿ ಮನೆಯೊಳಗಿನವರೇ ಆಗಿ ಉಳಿಯುತ್ತವೆ. ನಕ್ಷತ್ರದ ಆಕಾರದ ಆ ಕೋಶಗಳಿಗೆ ಆಸ್ಟ್ರೋಸೈಟ್ ಅಂತ ಹೆಸರು.

ನರಕೋಶ ಹೆರುವುದನ್ನು ನಿಲ್ಲಿಸಿ ಗ್ಲಿಯಾ ಹೆರಲು ಶುರು ಮಾಡಿ ಅಂತ ಆ ತಾಯಿಕೋಶಗಳಿಗೆ ಹೇಳುವವರು ಯಾರು? ಇಲಿಗಳಲ್ಲಿ ನೋಡಿದಾಗ ಸಿಕ್ಕ ಉತ್ತರ ನನಗೆ ಇವತ್ತಿಗೂ ಬಹಳ ಇಷ್ಟ. ಹೇಳುವುದು ಹೊಸದಾಗಿ ಹುಟ್ಟಿದ ನರಕೋಶಗಳೇ. ಅವು ಒಂದು ಪ್ರೋಟೀನನ್ನು ಹೊರಬಿಡುತ್ತವೆ. ನರಕೋಶ ಹೆಚ್ಚಿದಷ್ಟೂ ಆ ಪ್ರೋಟೀನೂ ಹೆಚ್ಚುತ್ತದೆ. ಒಂದು ಮಟ್ಟ ಮುಟ್ಟಿದಾಗ ತಾಯಿಕೋಶದೊಳಗಿನ ಸ್ವಿಚ್ ತಿರುಗುತ್ತದೆ. ನಾವು ಸಾಕಷ್ಟು ಜನ ಆದೆವು, ಇನ್ನು ನಮ್ಮನ್ನು ನೋಡಿಕೊಳ್ಳುವವರನ್ನು ಕಳಿಸಿ ಅಂತ ಮಕ್ಕಳೇ ತಾಯಿಗೆ ಹೇಳಿದ ಹಾಗೆ.

ಮಗು ಹುಟ್ಟುವ ಹೊತ್ತಿಗೆ ಆಸ್ಟ್ರೋಸೈಟುಗಳ ಮೊದಲ ತಂಡ ತನ್ನ ಜಾಗದಲ್ಲಿ ಇರುತ್ತದೆ. ಆಮೇಲೆ ಅವು ಇದ್ದಲ್ಲೇ ಎರಡಾಗಿ, ನಾಲ್ಕಾಗಿ ಒಡೆಯುತ್ತಾ ಹೋಗುತ್ತವೆ. ಇಲಿಮರಿಗಳ ಮೆದುಳಿನಲ್ಲಿ ಹೊಸ ಆಸ್ಟ್ರೋಸೈಟುಗಳ ದೊಡ್ಡ ಪಾಲು ಹೀಗೆ ಸ್ಥಳದಲ್ಲೇ ಹುಟ್ಟುತ್ತದೆ ಅಂತ 2012ರಲ್ಲಿ ಗೊತ್ತಾಯಿತು. ಹುಟ್ಟಿದ ಮೊದಲ ಮೂರು ವಾರದಲ್ಲಿ ಆ ಮರಿಗಳ ಗ್ಲಿಯಾ ಸಂಖ್ಯೆ ಆರರಿಂದ ಎಂಟು ಪಟ್ಟು ಏರುತ್ತದೆ. ಮನುಷ್ಯರಲ್ಲಿ ಇದು ವಾರಗಳ ಕೆಲಸವಲ್ಲ, ತಿಂಗಳು ವರ್ಷಗಳ ಕೆಲಸ.

ಮೊದಲಿಗೆ ಈ ಕೋಶಗಳು ಬಡಕಲಾಗಿರುತ್ತವೆ. ನಾಲ್ಕಾರು ಕಡ್ಡಿ ಚಾಚಿಕೊಂಡಿರುತ್ತವೆ ಅಷ್ಟೇ. ಒಂದರ ಕಡ್ಡಿ ಇನ್ನೊಂದರ ಜಾಗದೊಳಗೆ ತೂರಿರುತ್ತದೆ. ಸುತ್ತಲಿನ ನರಕೋಶಗಳು ಒಂದಕ್ಕೊಂದು ಜೋಡಣೆ ಮಾಡಿಕೊಳ್ಳಲು ಶುರು ಮಾಡಿದ ಹಾಗೆ ಇವೂ ಪೊದೆಯಂತೆ ತುಂಬಿಕೊಳ್ಳುತ್ತವೆ. ತಮ್ಮತಮ್ಮ ಗಡಿ ಹಾಕಿಕೊಳ್ಳುತ್ತವೆ. ನಮ್ಮ ಬೀದಿನಾಯಿಗಳನ್ನು ಗಮನಿಸಿದ್ದೀರಾ? ಪ್ರತಿ ಗುಂಪಿಗೂ ಒಂದೊಂದು ಬೀದಿ, ತಿರುವಿನಲ್ಲಿ ಮಾತ್ರ ಎರಡು ಗುಂಪು ಎದುರಾಗುತ್ತವೆ. ಬಲಿತ ಆಸ್ಟ್ರೋಸೈಟುಗಳೂ ಹೀಗೆಯೇ. ಅಂಚಿನಲ್ಲಿ ಮುಟ್ಟುತ್ತವೆ, ಒಳಗೆ ನುಗ್ಗುವುದಿಲ್ಲ. ತನ್ನ ಪುಟ್ಟ ವಠಾರದೊಳಗೆ ಮನುಷ್ಯರ ಒಂದು ಆಸ್ಟ್ರೋಸೈಟ್ 20 ಲಕ್ಷದವರೆಗೂ ನರಜೋಡಣೆಗಳನ್ನು ಮುಟ್ಟಿಕೊಂಡಿರಬಲ್ಲದು. ಇಲಿಯ ಆಸ್ಟ್ರೋಸೈಟ್ ಹೆಚ್ಚೆಂದರೆ 1 ಲಕ್ಷದ ಆಸುಪಾಸು.

ಮುಟ್ಟಿಕೊಂಡು ಏನು ಮಾಡುತ್ತವೆ? ಇಲ್ಲಿಯೇ ಗೋಂದಿನ ಮಾತು ಬಿದ್ದುಹೋಗುವುದು. ಅಮೆರಿಕದ ಬೆನ್ ಬ್ಯಾರೆಸ್ ಅನ್ನುವ ವಿಜ್ಞಾನಿ ಮತ್ತು ಅವರ ಜೊತೆಗಾರರು 1990ರ ದಶಕದ ಕೊನೆಯಲ್ಲಿ ಒಂದು ಸರಳವಾದ ಕೆಲಸ ಶುರು ಮಾಡಿದರು. ಇಲಿಯ ಕಣ್ಣಿನ ನರಕೋಶಗಳನ್ನು ಬೇರೆ ಮಾಡಿ, ಗ್ಲಿಯಾ ಒಂದೂ ಇಲ್ಲದಂತೆ ತಟ್ಟೆಯಲ್ಲಿ ಬೆಳೆಸಿದರು. ನರಕೋಶಗಳು ಸಾಯಲಿಲ್ಲ. ಆರೋಗ್ಯವಾಗಿಯೇ ಇದ್ದವು. ಆದರೆ ಒಂದರ ಜೊತೆ ಒಂದು ಮಾತಾಡುವುದೇ ಅಪರೂಪವಾಯಿತು. ಆಸ್ಟ್ರೋಸೈಟುಗಳನ್ನು ಜೊತೆಗೆ ಹಾಕಿದರು. ಜೋಡಣೆಗಳು ಸುಮಾರು ಏಳು ಪಟ್ಟು ಹೆಚ್ಚಾದವು. ಜೋಡಣೆ ಮಾಡಿ ಅಂತ ಹೇಳುವ ಪ್ರೋಟೀನುಗಳನ್ನು ಆಸ್ಟ್ರೋಸೈಟುಗಳೇ ಸುರಿಸುತ್ತವೆ ಅಂತ ಅವರು 2005ರಲ್ಲಿ ತೋರಿಸಿದರು. ಇದರ ಜೊತೆಗೆ ಅವು ನರಕೋಶಗಳಿಗೆ ಆಹಾರ ಒದಗಿಸುತ್ತವೆ, ಮಾತುಕತೆಯಲ್ಲಿ ಚೆಲ್ಲಿದ ರಾಸಾಯನಿಕಗಳನ್ನು ಬಳಿದು ಶುಚಿ ಮಾಡುತ್ತವೆ, ರಕ್ತನಾಳಗಳ ಮೇಲೆ ಪಾದ ಊರಿಕೊಂಡು ಕಾಯುತ್ತವೆ. ಮದುವೆ ಮನೆಯಲ್ಲಿ ಎಲ್ಲರ ಕಣ್ಣು ಗಂಡು ಹೆಣ್ಣಿನ ಮೇಲೆ. ಆದರೆ ಇಬ್ಬರನ್ನೂ ಕೂರಿಸಿ ಮಾತು ಮುಂದುವರಿಸಿದ ಸೋದರತ್ತೆ ಒಬ್ಬರು ಇರುತ್ತಾರಲ್ಲ, ಆಸ್ಟ್ರೋಸೈಟ್ ಅಂದರೆ ನನಗೆ ಅವರೇ ನೆನಪಾಗುತ್ತಾರೆ.

ಇನ್ನೊಂದು ಬಗೆಯ ಗ್ಲಿಯಾ ಇದೆ. ಅವು ಮೆದುಳಿನಲ್ಲಿ ಹುಟ್ಟಿದವೇ ಅಲ್ಲ. ಮೈಕ್ರೋಗ್ಲಿಯಾ ಅಂತ ಅವಕ್ಕೆ ಹೆಸರು. ಭ್ರೂಣಕ್ಕೆ ಅಂಟಿಕೊಂಡಿರುವ ಹಳದಿಚೀಲ ಅನ್ನುವ ಸಣ್ಣ ಚೀಲದಲ್ಲಿ, ಮೆದುಳು ಇನ್ನೂ ರೂಪ ತಾಳುತ್ತಿರುವ ದಿನಗಳಲ್ಲೇ ಇವು ಹುಟ್ಟುತ್ತವೆ. ಅಲ್ಲಿಂದ ಹೊರಟು ಮೆದುಳಿಗೆ ಬಂದು ನೆಲೆಸುತ್ತವೆ. ಬೇರೆ ಬೇರೆ ಊರುಗಳಿಂದ ಬಂದು ಬೆಂಗಳೂರಿನವರೇ ಆಗಿಹೋದ ನಮ್ಮಲ್ಲಿ ಎಷ್ಟೋ ಮನೆತನಗಳ ಕಥೆಯೂ ಇದೇ. ಆಮೇಲೆ ಅವು ಅಲ್ಲೇ ಸಂಸಾರ ಬೆಳೆಸುತ್ತವೆ. ಹೊರಗಿನಿಂದ ಹೊಸಬರು ಬಂದು ಸೇರಬೇಕಾದ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.

ಇವುಗಳ ಕೆಲಸ ರೋಗಾಣುಗಳಿಂದ ಕಾಯುವುದು ಅಂತ ಬಹಳ ಕಾಲ ಅಂದುಕೊಂಡಿದ್ದರು. ಅದು ನಿಜವೇ. ಆದರೆ ಮಗುವಿನ ಮೆದುಳಿನಲ್ಲಿ ಇವಕ್ಕೆ ಇನ್ನೊಂದು ಕೆಲಸ ಇದೆ. ಮಾಗಡಿ ಕಡೆ, ದೇವನಹಳ್ಳಿ ಕಡೆ ರಾಗಿ ಪೈರು ಒತ್ತಾಗಿ ಬಂದರೆ ಕುಂಟೆ ಹಾಯಿಸಿ ತೆಳು ಮಾಡುತ್ತಿದ್ದರು. ಉಳಿದ ಪೈರು ತೆಂಡೆ ಹೊಡೆದು ಸೊಂಪಾಗಿ ಬರಲಿ ಅಂತ. ಮಗುವಿನ ಮೆದುಳೂ ಬೇಕಾದ್ದಕ್ಕಿಂತ ಜಾಸ್ತಿ ಜೋಡಣೆಗಳನ್ನು ಮಾಡಿಕೊಳ್ಳುತ್ತದೆ. ನೋಟಕ್ಕೆ ಸಂಬಂಧಿಸಿದ ಭಾಗದಲ್ಲಿ ಸುಮಾರು 8 ತಿಂಗಳಿಗೆ ಜೋಡಣೆಗಳ ಒತ್ತು ತುದಿ ಮುಟ್ಟುತ್ತದೆ. ಆಮೇಲೆ ಇಳಿಯುತ್ತದೆ. ಹಣೆಯ ಹಿಂದಿನ ಭಾಗದಲ್ಲಿ ಈ ತೆಳು ಮಾಡುವ ಕೆಲಸ ಹದಿಹರೆಯದವರೆಗೂ ನಡೆಯುತ್ತದೆ. ಬಳಕೆ ಕಡಿಮೆ ಇರುವ ಜೋಡಣೆಗಳಿಗೆ ಒಂದು ಗುರುತಿನ ಪ್ರೋಟೀನ್ ಅಂಟಿಕೊಳ್ಳುತ್ತದೆ. ಮೈಕ್ರೋಗ್ಲಿಯಾ ಬಂದು ಅದನ್ನು ನುಂಗುತ್ತದೆ. ಇಲಿಗಳಲ್ಲಿ ಇದನ್ನು 2007ರಿಂದ ಈಚೆಗೆ ಹಂತ ಹಂತವಾಗಿ ನೋಡಿದ್ದಾರೆ. ಹಾಗಾಗಿ ಬೆಳವಣಿಗೆ ಅಂದರೆ ಸೇರಿಸುವುದಷ್ಟೇ ಅಲ್ಲ, ಕಳೆಯುವುದೂ ಹೌದು.

ಈಗ ನನ್ನ ಮನಸ್ಸಿಗೆ ತೀರಾ ಹತ್ತಿರದ ಭಾಗಕ್ಕೆ ಬರುತ್ತೇನೆ.

ನಾನು ವಿದ್ಯಾರ್ಥಿಯಾಗಿದ್ದಾಗ ನನ್ನ ಕೈಗೆ ಎರಡು ಗಾಜಿನ ಸ್ಲೈಡು ಕೊಟ್ಟರು. ಒಂದರಲ್ಲಿ ದೊಡ್ಡವರ ಮೆದುಳಿನ ತೆಳು ಹೋಳು. ಇನ್ನೊಂದರಲ್ಲಿ, ಹುಟ್ಟಿದ ಕೆಲವೇ ದಿನಕ್ಕೆ ತೀರಿಕೊಂಡ ಮಗುವಿನದು. ಎರಡಕ್ಕೂ ನಾನೇ ನೀಲಿ ಬಣ್ಣ ಹಾಕಿದೆ. ಅದು ಮಯಲಿನ್ ಅನ್ನುವ ಕೊಬ್ಬಿನ ಹೊದಿಕೆಯನ್ನು ಮಾತ್ರ ಹಿಡಿಯುವ ಬಣ್ಣ. ದೊಡ್ಡವರ ಹೋಳು ಗಾಢ ನೀಲಿಯಾಗಿ ಬಂತು. ಮಗುವಿನದು ಬಿಳಚಿಕೊಂಡೇ ಉಳಿಯಿತು. ಬಣ್ಣ ಹಾಕುವಾಗ ತಪ್ಪಿದೆ ಅಂದುಕೊಂಡು ಇನ್ನೊಂದು ಹೋಳಿಗೆ ಮತ್ತೆ ಹಾಕಿದೆ. ಮತ್ತೆ ಹಾಗೇ. ನಮ್ಮ ಮೇಷ್ಟ್ರು ಸೂಕ್ಷ್ಮದರ್ಶಕದಲ್ಲಿ ನೋಡಿ, ‘ಬಣ್ಣ ಸರಿಯಾಗಿದೆಯಪ್ಪ, ಹೊದಿಕೆ ಇನ್ನೂ ಬಂದಿಲ್ಲ ಅಷ್ಟೇ’ ಅಂದರು. ಆಮೇಲೆ ಮೆದುಳಿನ ಬುಡದ ಹೋಳು ತೋರಿಸಿದರು. ಅಲ್ಲಿ ನೀಲಿ ಇತ್ತು. ಉಸಿರಾಟ, ಹಾಲು ಚೀಪುವುದು, ನುಂಗುವುದು ನಡೆಯುವುದು ಅಲ್ಲಿಂದ. ಹುಟ್ಟಿದ ಗಳಿಗೆಯಿಂದ ಬೇಕಾದದ್ದಕ್ಕೆ ಮೊದಲೇ ಹೊದಿಕೆ ಬಂದಿತ್ತು. ಉಳಿದ ಮೆದುಳು ಕಾಯುತ್ತಿತ್ತು. ಆ ಮಗುವನ್ನು ನಾನು ಮರೆತಿಲ್ಲ.

ಈ ಹೊದಿಕೆ ಸುತ್ತುವ ಗ್ಲಿಯಾಕ್ಕೆ ಆಲಿಗೊಡೆಂಡ್ರೋಸೈಟ್ ಅನ್ನುತ್ತಾರೆ. ಹೆಸರು ಬಾಯಿಗೆ ಕಷ್ಟ, ನಾನು ಇಲ್ಲಿ ಆಲಿಗೊ ಅಂತಲೇ ಕರೆಯುತ್ತೇನೆ. ಒಂದು ಆಲಿಗೊ ತನ್ನ ಹಲವು ತೋಳುಗಳನ್ನು ಚಾಚಿ, ಪ್ರತಿ ತೋಳಿನ ತುದಿಯನ್ನು ಒಂದೊಂದು ನರತಂತುವಿಗೆ ಸುತ್ತುತ್ತದೆ. ಒಂದೇ ಕೋಶ ನಲವತ್ತು ಐವತ್ತು ಕಡೆ ಹೀಗೆ ಸುತ್ತಬಲ್ಲದು. ಸುತ್ತಿನ ಮೇಲೆ ಸುತ್ತು. ಒಂದು ತುಂಡು ಹೊದಿಕೆಗೂ ಮುಂದಿನ ತುಂಡಿಗೂ ನಡುವೆ ಚೂರು ಜಾಗ ಬರಿದಾಗಿರುತ್ತದೆ. ನರದ ಸಂಕೇತ ಆ ಬರಿ ಜಾಗದಿಂದ ಇನ್ನೊಂದು ಬರಿ ಜಾಗಕ್ಕೆ ಜಿಗಿಯುತ್ತದೆ. ಕುಂಟೆಬಿಲ್ಲೆ ಆಡುವ ಹುಡುಗಿ ಮನೆಯಿಂದ ಮನೆಗೆ ಹಾರುತ್ತಾಳಲ್ಲ, ಅದೇ ಆಟ. ಹೊದಿಕೆ ಇಲ್ಲದ ತಂತುವಿನಲ್ಲಿ ಸಂಕೇತ ಸೆಕೆಂಡಿಗೆ ಒಂದೆರಡು ಮೀಟರ್ ನಡೆಯುತ್ತದೆ. ದಪ್ಪ ಹೊದಿಕೆ ಇರುವ ತಂತುವಿನಲ್ಲಿ ಸೆಕೆಂಡಿಗೆ 100 ಮೀಟರ್ ದಾಟುತ್ತದೆ.

ಆಲಿಗೊ ಒಮ್ಮೆಲೇ ಹುಟ್ಟುವುದಿಲ್ಲ. ಮೊದಲು ಅದರ ಮರಿರೂಪ ಬರುತ್ತದೆ. ಇಲಿಗಳಲ್ಲಿ ಈ ಮರಿಕೋಶಗಳು ಮೂರು ಅಲೆಯಾಗಿ ಬರುತ್ತವೆ. ಎರಡು ಅಲೆ ಗರ್ಭದಲ್ಲಿ, ಮೂರನೆಯದು ಹುಟ್ಟಿದ ಮೇಲೆ. ವಿಚಿತ್ರ ಅಂದರೆ, ಮೊದಲು ಬಂದವರಲ್ಲಿ ಹೆಚ್ಚಿನವರು ಹೊರಪದರದಿಂದ ಆಮೇಲೆ ಕಾಣೆಯಾಗುತ್ತಾರೆ. ಜಾಗ ಹಿಡಿದು ಉಳಿಯುವುದು ನಂತರ ಬಂದವರು. ಮರಿಕೋಶಗಳು ಮೆದುಳಿನ ಎಲ್ಲ ಕಡೆ ಹರಡಿ, ಒಂದಷ್ಟು ಬಲಿತು ಹೊದಿಕೆ ಸುತ್ತುತ್ತವೆ. ಒಂದಷ್ಟು ಮರಿಗಳಾಗಿಯೇ ಜೀವನಪೂರ್ತಿ ಕಾದಿರುತ್ತವೆ, ಬೇಕಾದಾಗ ಬಲಿಯಲು.

ಸುತ್ತುವುದಕ್ಕೆ ಒಂದು ಕ್ರಮ ಇದೆ. ಕೆಳಗಿನಿಂದ ಮೇಲಕ್ಕೆ, ಹಿಂದಿನಿಂದ ಮುಂದಕ್ಕೆ. ನೋಟ, ಸ್ಪರ್ಶ, ಕೈಕಾಲಿನ ಚಲನೆಯ ದಾರಿಗಳು ಮೊದಲು. ಹಣೆಯ ಹಿಂದಿನ ಭಾಗ ಕೊನೆಗೆ. ಅಲ್ಲಿ ಈ ಕೆಲಸ ಇಪ್ಪತ್ತರ ಪ್ರಾಯ ದಾಟಿದರೂ ನಡೆಯುತ್ತಿರುತ್ತದೆ. ಇದನ್ನು ಕಣ್ಣಾರೆ ನೋಡುವ ದಾರಿ ಒಂದಿದೆ. ಡಾಕ್ಟರು ಮಗುವಿನ ಅಂಗಾಲನ್ನು ಹಿಮ್ಮಡಿಯಿಂದ ಬೆರಳಿನ ಕಡೆಗೆ ಗೀರಿ ನೋಡುತ್ತಾರೆ. ದೊಡ್ಡವರಿಗೆ ಹಾಗೆ ಮಾಡಿದರೆ ಹೆಬ್ಬೆರಳು ಕೆಳಗೆ ಬಾಗುತ್ತದೆ. ಎಳೆ ಮಗುವಿನ ಹೆಬ್ಬೆರಳು ಮೇಲೇಳುತ್ತದೆ, ಉಳಿದ ಬೆರಳು ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತವೆ. ದೊಡ್ಡವರಲ್ಲಿ ಹೀಗಾದರೆ ಕಾಯಿಲೆಯ ಗುರುತು. ಮಗುವಿನಲ್ಲಿ ಸಹಜ. ಮೆದುಳಿನಿಂದ ಬೆನ್ನುಹುರಿಗೆ ಇಳಿಯುವ ಚಲನೆಯ ನರದಾರಿಗೆ ಹೊದಿಕೆ ಇನ್ನೂ ಪೂರ್ತಿ ಆಗಿಲ್ಲ ಅನ್ನುವುದೇ ಅದರ ಅರ್ಥ. ಒಂದರಿಂದ ಎರಡು ವರ್ಷದೊಳಗೆ ಇದು ಬದಲಾಗುತ್ತದೆ. ಮಗು ಅಂಬೆಗಾಲು ಬಿಟ್ಟು ನಡೆಯುವುದೂ ಆಗಲೇ.

ಆಲಿಗೊಗಳ ಸಂಖ್ಯೆ ಎಂದಿಗೆ ನಿಲ್ಲುತ್ತದೆ ಅಂತ ತಿಳಿದ ರೀತಿಯನ್ನು ನಿಮಗೆ ಹೇಳಲೇಬೇಕು. 1950ರ ದಶಕದಲ್ಲಿ ದೊಡ್ಡ ದೇಶಗಳು ಬಯಲಿನಲ್ಲಿ ಅಣುಬಾಂಬು ಸಿಡಿಸಿ ಪರೀಕ್ಷೆ ಮಾಡುತ್ತಿದ್ದವು. ಅದರಿಂದ ಗಾಳಿಯಲ್ಲಿ ಇಂಗಾಲ-14 ಅನ್ನುವ, ವಿಕಿರಣ ಸೂಸುವ ಬಗೆಯ ಇಂಗಾಲ ಏರಿತು. ಬಯಲಿನಲ್ಲಿ ಬಾಂಬು ಸಿಡಿಸಬಾರದು ಅನ್ನುವ 1963ರ ಒಪ್ಪಂದ ಆದ ಮೇಲೆ ಇಳಿಯುತ್ತಾ ಬಂತು. ಗಿಡ, ಹಸು, ಹಾಲು, ಅನ್ನದ ಮೂಲಕ ಅದು ಎಲ್ಲರ ಮೈ ಸೇರಿತು. ಒಂದು ಕೋಶ ಹುಟ್ಟುವಾಗ ಅದರ ಡಿಎನ್‌ಎ ಒಳಗೆ ಆ ವರ್ಷದ ಗಾಳಿಯ ಗುರುತು ಸೇರಿಕೊಂಡುಬಿಡುತ್ತದೆ. ಸ್ವೀಡನ್ನಿನ ವಿಜ್ಞಾನಿಗಳು, ತೀರಿಕೊಂಡವರ ಮೆದುಳಿನಲ್ಲಿ ಆ ಗುರುತು ಅಳೆದು ಕೋಶಗಳ ಹುಟ್ಟಿದ ವರ್ಷ ಕಂಡುಹಿಡಿದರು. 2014ರಲ್ಲಿ ಅವರು ಹೇಳಿದ್ದು ಇದು: ಮೆದುಳಿನ ಎರಡು ಭಾಗಗಳನ್ನು ಬೆಸೆಯುವ ಬಿಳಿ ಸೇತುವೆಯಲ್ಲಿ ಆಲಿಗೊಗಳ ಸಂಖ್ಯೆ ಸುಮಾರು ಐದು ವರ್ಷಕ್ಕೇ ತುಂಬಿಬಿಡುತ್ತದೆ. ಆಮೇಲೆ ವರ್ಷಕ್ಕೆ ಮುನ್ನೂರರಲ್ಲಿ ಒಂದು ಮಾತ್ರ ಬದಲಾಗುತ್ತದೆ. ಅಂದರೆ ಅಲ್ಲಿ ನೀವು ಇವತ್ತು ಇಟ್ಟುಕೊಂಡಿರುವ ಆಲಿಗೊಗಳಲ್ಲಿ ಹೆಚ್ಚಿನವು ನೀವು ಒಂದನೇ ಕ್ಲಾಸಿಗೆ ಸೇರುವ ಮೊದಲೇ ಬಂದವು.

ಸಂಖ್ಯೆ ತುಂಬಿತು ಅಂದರೆ ಕೆಲಸ ಮುಗಿಯಿತು ಅಂತ ಅಲ್ಲ. ಹೊಸದು ಕಲಿಯುವಾಗ ಮೆದುಳು ಹೊಸ ಆಲಿಗೊ ಮಾಡಿಕೊಳ್ಳುತ್ತದೆ. ಮೆಟ್ಟಿಲುಗಳ ಅಂತರ ಸಮ ಇಲ್ಲದ ಚಕ್ರದಲ್ಲಿ ಓಡಲು ಇಲಿಗಳಿಗೆ ಕಲಿಸಿದರು. ಹೊಸ ಆಲಿಗೊ ಹುಟ್ಟದಂತೆ ತಡೆದಿದ್ದ ಇಲಿಗಳಿಗೆ ಅದು ಸರಿಯಾಗಿ ಬರಲಿಲ್ಲ. ನರಕೋಶ ಹೆಚ್ಚು ಕೆಲಸ ಮಾಡಿದ ದಾರಿಯಲ್ಲಿ ಹೊದಿಕೆ ದಪ್ಪವಾಗುತ್ತದೆ. ಇನ್ನೊಂದು ಪ್ರಯೋಗ ಓದಿದಾಗ ನನಗೆ ಸಂಕಟವಾಯಿತು. ಹಾಲು ಬಿಟ್ಟ ಮೂರು ವಾರದ ಇಲಿಮರಿಗಳನ್ನು ಎರಡು ವಾರ ಒಂಟಿಯಾಗಿ ಇಟ್ಟರು. ಹೊಟ್ಟೆಗೆ ಕಡಿಮೆ ಮಾಡಲಿಲ್ಲ. ಜೊತೆ ಮಾತ್ರ ಇರಲಿಲ್ಲ. ಹಣೆಯ ಹಿಂದಿನ ಭಾಗದಲ್ಲಿ ಆಲಿಗೊಗಳು ಸೊರಗಿದವು, ಹೊದಿಕೆ ತೆಳ್ಳಗಾಯಿತು. ಮತ್ತೆ ಗುಂಪಿಗೆ ಬಿಟ್ಟರೂ ಅದು ಸರಿಹೋಗಲಿಲ್ಲ.

ನೀವು ಮೊಮ್ಮಗಳನ್ನು ಕಾಲ ಮೇಲೆ ಹಾಕಿಕೊಂಡು ನೀರು ಹಾಕುವಾಗ ಸುಮ್ನೆ ಏನೇನೋ ಮಾತಾಡುತ್ತೀರಲ್ಲ, ಅವಳು ‘ತಾ’ ಅಂದರೆ ನೀವೂ ‘ತಾ’ ಅನ್ನುತ್ತೀರಲ್ಲ, ಅದನ್ನು ನಾನು ಆಟ ಅಂತ ಪಕ್ಕಕ್ಕೆ ಇಡುವುದಿಲ್ಲ. ಅವಳ ನರದಾರಿಗಳಲ್ಲಿ ಓಡಾಟ ಆಗುವುದೇ ಹಾಗೆ. ಓಡಾಟ ಇರುವ ದಾರಿಗೆ ಹೊದಿಕೆ ಬರುತ್ತದೆ. ಫ್ಲ್ಯಾಷ್ ಕಾರ್ಡು, ಮೊಬೈಲಿನ ವಿಡಿಯೊ ಇವುಗಳಲ್ಲಿ ತಿರುಗಿ ಮಾತಾಡುವವರು ಇಲ್ಲ.

ಇನ್ನು ನಿಮ್ಮ ಬಜೆ, ಬಾದಾಮಿ. ಮಾತು ಸ್ಪಷ್ಟ ಬರಲಿ ಅಂತ ಬಜೆ ತೇಯ್ದು ನಾಲಿಗೆಗೆ ಸವರುವುದು ನಮ್ಮ ಮನೆಗಳಲ್ಲಿ ಇದೆ. ಪ್ರೀತಿಯಿಂದ ಮಾಡುತ್ತಾರೆ. ಆದರೆ ಅದರಿಂದ ಮೆದುಳು ಬೆಳೆಯುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಕೊಡಬೇಡಿ. ಜೇನಿನಲ್ಲಿ ಕಲಸಿ ಕೊಡುವುದಂತೂ ಒಂದು ವರ್ಷದೊಳಗಿನ ಮಕ್ಕಳಿಗೆ ಅಪಾಯ. ಬಾದಾಮಿ ಒಳ್ಳೆಯ ಆಹಾರ, ಪುಡಿ ಮಾಡಿ ಕೊಡಿ. ಇಡೀ ಬೀಜ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಮೆದುಳಿಗೆ ಅಂತಲೇ ಅದರಲ್ಲಿ ವಿಶೇಷ ಏನೂ ಇಲ್ಲ.

ನಾನು ನಿಜವಾಗಿ ಚಿಂತೆ ಮಾಡುವುದು ಕಬ್ಬಿಣಾಂಶದ ಬಗ್ಗೆ. ಮೆದುಳಿನ ಕೋಶಗಳಲ್ಲೆಲ್ಲ ಅತಿ ಹೆಚ್ಚು ಕಬ್ಬಿಣ ಇರುವುದು ಆಲಿಗೊಗಳಲ್ಲಿ. ಹೊದಿಕೆಯ ಕೊಬ್ಬು ತಯಾರಿಸಲು ಅದು ಬೇಕು. ರಕ್ತಹೀನತೆ ಇರುವ ಆರು ತಿಂಗಳ ಕೂಸುಗಳಲ್ಲಿ ಕಿವಿಯಿಂದ ಮೆದುಳಿನ ಬುಡದ ದಾರಿಯಲ್ಲಿ ಸಂಕೇತ ನಿಧಾನವಾಗಿ ಸಾಗುವುದನ್ನು ಅಳೆದು ನೋಡಿದ್ದಾರೆ. ನಮ್ಮ ದೇಶದಲ್ಲಿ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತಹೀನತೆ ಇದೆ. ಇದು ಬಡವರ ಮನೆಯ ಮಾತು ಮಾತ್ರ ಅಂದುಕೊಳ್ಳಬೇಡಿ. ವರ್ಷ ತುಂಬಿದ ಮಗುವಿಗೆ ಊಟ ಸೇರದಿದ್ದರೆ ಬಾಟಲಿ ಬಾಟಲಿ ಹಸುವಿನ ಹಾಲು ಕುಡಿಸುವ ಮನೆಗಳಲ್ಲಿ ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಹಾಲಿನಲ್ಲಿ ಕಬ್ಬಿಣ ಇಲ್ಲವೆಂಬಷ್ಟು ಕಡಿಮೆ. ಹೊಟ್ಟೆ ಮಾತ್ರ ತುಂಬುತ್ತದೆ. ದಿನಕ್ಕೆ ಅರ್ಧ ಲೀಟರ್ ದಾಟಿಸಬೇಡಿ. ರಾಗಿ ಸರಿ ಮಾಡುವುದಾದರೆ ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸಿ ಪುಡಿ ಮಾಡಿ. ಬೇಳೆ, ಸೊಪ್ಪು ಬೇಯಿಸಿ ಮಸೆದ ಅನ್ನಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡಿ, ಕಬ್ಬಿಣ ಮೈಗೆ ಹತ್ತುತ್ತದೆ. ಮೊಟ್ಟೆ, ಮಾಂಸ ತಿನ್ನುವ ಮನೆಯಾದರೆ ಅದನ್ನೂ ಕೊಡಿ. ಅಂಗನವಾಡಿ, ಆರೋಗ್ಯ ಕೇಂದ್ರಗಳಲ್ಲಿ ವಾರಕ್ಕೆ ಎರಡು ಸಲ ಹಾಕಲು ಕೊಡುವ ಕಬ್ಬಿಣದ ಸಿರಪ್ಪನ್ನು ಮಲ ಕಪ್ಪಗಾಗುತ್ತದೆ ಅಂತ ಹೆದರಿ ನಿಲ್ಲಿಸಬೇಡಿ. ಕಪ್ಪಗಾಗುವುದು ಸಹಜ.

ಬಿ12 ಜೀವಸತ್ವವೂ ಹೊದಿಕೆಗೆ ಬೇಕು. ಅದು ಯಾವ ಸೊಪ್ಪು ಕಾಳಿನಲ್ಲೂ ಸಿಗುವುದಿಲ್ಲ. ಶುದ್ಧ ಸಸ್ಯಾಹಾರಿ ತಾಯಿಗೆ ಕೊರತೆ ಇದ್ದರೆ ಎದೆಹಾಲಿನಲ್ಲೂ ಕೊರತೆ. ಅಂಥ ಕೂಸು ಆರೇಳು ತಿಂಗಳವರೆಗೆ ಚೆನ್ನಾಗಿದ್ದು ಆಮೇಲೆ ಮಂಕಾಗುತ್ತದೆ. ಕೂರುತ್ತಿದ್ದದ್ದು ಕೂರುವುದಿಲ್ಲ, ನಗುತ್ತಿದ್ದದ್ದು ನಗುವುದಿಲ್ಲ. ಗೆಣ್ಣುಗಳ ಚರ್ಮ ಕಪ್ಪಾಗುತ್ತದೆ, ಕೈ ನಡುಗುತ್ತದೆ. ಬೇಗ ಗುರುತಿಸಿ ಬಿ12 ಕೊಟ್ಟರೆ ಕೆಲವೇ ದಿನಗಳಲ್ಲಿ ಮುಖದಲ್ಲಿ ಕಳೆ ಬರುತ್ತದೆ. ಹಾಗಾಗಿ ಎದೆಹಾಲು ಕುಡಿಸುವ ತಾಯಿ, ಅಂದರೆ ನಿಮ್ಮ ಮಗಳು, ತನ್ನ ಬಿ12 ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಲಿ. ಥೈರಾಯ್ಡ್ ಹಾರ್ಮೋನ್ ಇಲ್ಲದಿದ್ದರೂ ಆಲಿಗೊಗಳು ಬಲಿಯುವುದಿಲ್ಲ. ಹುಟ್ಟಿದ ಕೂಸಿನ ಹಿಮ್ಮಡಿ ಚುಚ್ಚಿ ರಕ್ತದ ಹನಿ ತೆಗೆಯುವುದು ಇದನ್ನೂ ನೋಡಲು. ಕೊರತೆ ಇದ್ದರೆ ಎರಡು ವಾರದೊಳಗೆ ಮಾತ್ರೆ ಶುರುವಾಗಬೇಕು. ನಿಮ್ಮಲ್ಲಿ ಅದು ಮಾಡಿಸಿದ್ದಾರೆಯೇ ಅಂತ ಡಿಸ್ಚಾರ್ಜ್ ಚೀಟಿಯಲ್ಲಿ ನೋಡಿ. ಮತ್ತೆ ಒಂದು ಮಾತು, ಮಯಲಿನ್ ಒಣ ತೂಕದಲ್ಲಿ ಮುಕ್ಕಾಲು ಪಾಲು ಕೊಬ್ಬೇ. ಎರಡು ವರ್ಷದವರೆಗೆ ಕೆನೆ ತೆಗೆದ ಹಾಲು ಕೊಡಬೇಡಿ. ಅನ್ನಕ್ಕೆ ತುಪ್ಪ ಹಾಕಿ.

ಅವಳ 34 ಮತ್ತು 45, ಎರಡೂ ಹೆಣ್ಣುಮಕ್ಕಳ ಸರಾಸರಿಗೆ ಹೆಚ್ಚುಕಡಿಮೆ ಸಮವಾಗಿಯೇ ಇವೆ. ಪಕ್ಕದ ಮನೆ ಮಗುವಿಗೆ 46 ಇದ್ದರೆ ಅದಕ್ಕೆ ಬುದ್ಧಿ ಜಾಸ್ತಿ ಅಂತ ಅಲ್ಲ. ಮುಖ್ಯ ಆಗುವುದು ಒಂದೇ ಅಳತೆ ಅಲ್ಲ, ಗೆರೆ. ಚಾರ್ಟಿನಲ್ಲಿ ಅವಳದೇ ಗೆರೆ ಸಟ್ಟನೆ ಮೇಲೆ ಹಾರಿದರೆ, ಇಲ್ಲವೇ ಕೆಳಗೆ ಜಾರಿದರೆ ಡಾಕ್ಟರಿಗೆ ತೋರಿಸಿ. ಬಂದ ವಿದ್ಯೆ ಮರೆತರೆ, ಕೈಕಾಲು ತೀರಾ ಸಡಿಲ ಅಥವಾ ಬಿಗಿ ಅನ್ನಿಸಿದರೆ ಆಗಲೂ ಕಾಯಬೇಡಿ.

ಕೊನೆಗೆ, ನಿಮ್ಮ ಮನೆಯಿಂದ ದೂರವೇನಲ್ಲ, ನಿಮ್ಹಾನ್ಸ್‌ನಲ್ಲಿ ಒಂದು ಮೆದುಳಿನ ಮ್ಯೂಸಿಯಂ ಇದೆ. ಮನುಷ್ಯರ ನಿಜವಾದ ಮೆದುಳುಗಳನ್ನು ಗಾಜಿನ ಜಾಡಿಗಳಲ್ಲಿ ಇಟ್ಟಿದ್ದಾರೆ. ತಮ್ಮವರು ತೀರಿಕೊಂಡಾಗ ಅವರ ಮೆದುಳನ್ನು ದಾನ ಕೊಟ್ಟ ಕುಟುಂಬಗಳಿಂದ ಅದು ಸಾಧ್ಯವಾಗಿದೆ. ಮಗಳ ಜೊತೆ ಒಮ್ಮೆ ಹೋಗಿ ಬನ್ನಿ. ಅಲ್ಲಿ ಕತ್ತರಿಸಿದ ಮೆದುಳಿನ ಹೋಳನ್ನು ತೋರಿಸಿ ಅಂತ ಕೇಳಿ. ಅಂಚಿನಲ್ಲಿ ತೆಳುವಾಗಿ ಬೂದು ಬಣ್ಣ, ಅದು ನರಕೋಶಗಳಿರುವ ಜಾಗ. ಒಳಗೆಲ್ಲ ಬೆಣ್ಣೆಯಂತೆ ಬಿಳಿ. ಆ ಬಿಳಿ ಬಂದಿರುವುದು ಮಯಲಿನ್‌ನಿಂದ. ನಿಮ್ಮ ಮೊಮ್ಮಗಳ ತಲೆಯೊಳಗೆ ಆ ಬಿಳಿ ಈಗ ಹಿಂದಿನಿಂದ ಮುಂದಕ್ಕೆ ಹರಡಿಕೊಂಡು ಬರುತ್ತಿದೆ.